ಶೇಖರಮ್ಮ ಟೀಚರ ನಕಾಶೆ

ಬೆಳಗಿನ ಮೊದಲ ಗಂಟೆಗೆ ಮುಂಚೆ ಶೇಖರಮ್ಮ ಟೀಚರ್ ಕರಿಹಲಗೆಯ ಎಡಮೂಲೆಯಲ್ಲಿ ರಾಯಚೂರು ಜಿಲ್ಲೆಯ ನಕಾಶೆ ಬಿಡಿಸುತ್ತಾರೆ. ಪುಸ್ತಕ ನೋಡುವುದಿಲ್ಲ, ಗೆರೆ ಮುಗಿಯುವವರೆಗೆ ಸೀಮೆಸುಣ್ಣ ಎತ್ತುವುದಿಲ್ಲ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ಲಿಂಗಸುಗೂರು, ಮಸ್ಕಿ, ಸಿಂಧನೂರಿಗೆ ಮೂರು ಚುಕ್ಕೆ. ಮನೆಯಲ್ಲಿ ಲಿಂಗಪೂಜೆ, ಶಾಲೆಯಲ್ಲಿ ಈ ನಕಾಶೆ. ಎರಡೂ ಆಗದೆ ಚಹಾ ಮುಟ್ಟುವುದಿಲ್ಲ. ಒಮ್ಮೆ ಜ್ವರದಲ್ಲಿಯೇ ಬಂದು, ನಕಾಶೆ ಬಿಡಿಸಿ, ರಜೆ ಚೀಟಿ ಕೊಟ್ಟು ಹೋಗಿದ್ದರು.

ಬಳಗಾನೂರಿನಲ್ಲಿ ಅವರ ಮನೆ. ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಕಾಲುವೆ ಸೀಮೆಯ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸಮಾಜ ಪಾಠ. ಅವರ ನೋಟ್ಸ್ ಬರೆದುಕೊಂಡವರು ಫೇಲಾಗಿದ್ದು ಕಡಿಮೆ. ಆ ಮಾತನ್ನು ಅವರೇ ಆಗಾಗ ಹೇಳುತ್ತಿದ್ದರು, ಕೇಳಿದವರು ತಲೆಯಾಡಿಸುತ್ತಿದ್ದರು.

ಹೋದ ವರ್ಷ ಮಕ್ಕಳು ಹೆಚ್ಚಾಗಿ ಹತ್ತನೆಯ ತರಗತಿ ಎರಡು ಭಾಗವಾಯಿತು. ‘ಅ’ ವಿಭಾಗ ಶೇಖರಮ್ಮನವರಿಗೆ ಉಳಿಯಿತು. ‘ಬ’ ವಿಭಾಗಕ್ಕೆ ಅತಿಥಿ ಶಿಕ್ಷಕಿಯಾಗಿ ಇಮಾಮ್‌ಬೀ ಬಂದಳು. ಮುದಗಲ್ಲಿನ ಹುಡುಗಿ, ವಯಸ್ಸು ಇಪ್ಪತ್ತಾರು. ಮಸ್ಕಿಯಲ್ಲಿ ಅಕ್ಕನ ಮನೆಯಲ್ಲಿದ್ದು ದಿನಾ ಬಸ್ಸಿಗೆ ಬರುತ್ತಿದ್ದಳು.

ಎರಡನೆಯ ವಾರದಿಂದಲೇ ‘ಬ’ ವಿಭಾಗದಲ್ಲಿ ನಗು ಕೇಳಿಸತೊಡಗಿತು. ಅಸ್ಪೃಶ್ಯತೆಯ ಪಾಠವನ್ನು ಆಕೆ ಓದಿಸಲಿಲ್ಲ. ಎರಡು ಕೊಡ, ಒಂದು ಹಗ್ಗ ತಂದು ಮಕ್ಕಳಿಂದಲೇ ಬಾವಿಯ ಆಟ ಆಡಿಸಿದಳು. ಕೊನೆಗೆ ನಗು ನಿಂತು ಒಬ್ಬ ಹುಡುಗಿ ಅತ್ತಳಂತೆ. ‘ಅ’ ವಿಭಾಗದ ಮಕ್ಕಳು ಊಟದ ಬಿಡುವಿನಲ್ಲಿ ಆ ಕಿಟಕಿಗೆ ಜೋತುಬೀಳುತ್ತಿದ್ದರು.

ಶೇಖರಮ್ಮ ಬಣ್ಣದ ಸೀಮೆಸುಣ್ಣದ ಡಬ್ಬಿಯನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಇಮಾಮ್‌ಬೀ ಡಬ್ಬಿ ಕೇಳಲೇ ಇಲ್ಲ. ಅರಿಶಿನ, ಇದ್ದಿಲು, ಕೆಮ್ಮಣ್ಣು ಕಲೆಸಿ ಗೋಡೆಗೆ ಹಾಕಿದ ಹಾಳೆಯ ಮೇಲೆ ಮಕ್ಕಳಿಂದ ಚಿತ್ರ ಬರೆಸಿದಳು. ನೋಡಿದವರೆಲ್ಲ ಸೀಮೆಸುಣ್ಣಕ್ಕಿಂತ ಇದೇ ಚೆಂದ ಎಂದರು. “ಆ ಹೊತ್ತು ನನ್ನ ಕಪಾಟಿನ ಕೀಲಿ ನನಗ ಚುಚ್ಚತಿತ್ತು ನೋಡ್ರಿ,” ಎಂದು ಶೇಖರಮ್ಮ ಅದೇ ಶಾಲೆಯಲ್ಲಿರುವ ನನ್ನ ಮುಂದೆ ಒಪ್ಪಿಕೊಂಡಿದ್ದಾರೆ.

ಅದಕ್ಕಿಂತ ಹೆಚ್ಚು ಉರಿದದ್ದು ಗದ್ದೆಮ್ಮನ ವಿಷಯಕ್ಕೆ. ಗದ್ದೆಮ್ಮ ಭತ್ತದ ನಾಟಿ ಹಚ್ಚುವ ಕೂಲಿಯವಳು. ಶಾಲೆಯ ಎದುರಿನ ಓಣಿಯಲ್ಲೇ ಗುಡಿಸಲು. ಇಮಾಮ್‌ಬೀ ಆಕೆಯನ್ನು ಕರೆತಂದು ಮೇಷ್ಟರ ಕುರ್ಚಿಯಲ್ಲಿ ಕೂಡಿಸಿ ನಾಟಿಯ ಹಾಡು ಹೇಳಿಸಿದಳು. ಆ ದನಿ ಗೋಡೆ ದಾಟಿ ‘ಅ’ ವಿಭಾಗಕ್ಕೆ ಬಂತು. ಇಪ್ಪತ್ತೆರಡು ವರ್ಷ ದಿನಾ ಗದ್ದೆಮ್ಮನಿಗೆ “ಆರಾಮಿದ್ದೀಯೇನವ್ವ?” ಎಂದವರು ಶೇಖರಮ್ಮ. ಆಕೆ ಹಾಡುತ್ತಾಳೆಂದು ತಿಳಿದದ್ದು ಅಂದೇ.

“ನೀ ಹಾಡ್ತೀಯಂತ ನನಗ ಯಾಕ ಹೇಳಿಲ್ಲ?” ಎಂದು ಮರುದಿನ ಕೇಳಿದರು.

“ನೀವು ಯಾವಾಗ ಕೇಳೀರಿ ಟೀಚರ್? ನಿಮ್ಮ ಬಸ್ಸಿಗೆ ಟೈಮ್ ಆಗಿರ್ತದ,” ಎಂದು ಗದ್ದೆಮ್ಮ ನಕ್ಕಳು.

ಆ ನಗು ಎರಡು ದಿನ ಕಾಡಿತು. ಮೂರನೆಯ ದಿನ ಶೇಖರಮ್ಮ ಶಾಲೆಯ ಅಂಗಳ ಸಾರಿಸಿದರು. ನೀರಾವರಿ ಇಲಾಖೆಯ ಹಳೆಯ ಪಟ ಮುಂದಿಟ್ಟುಕೊಂಡು ರಂಗೋಲಿಯಲ್ಲಿ ಕಾಲುವೆ ಬಿಡಿಸಿದರು. ಉಪಕಾಲುವೆ, ತೂಬು, ವಲಸೆ ಬಂದ ರೈತರ ಕ್ಯಾಂಪುಗಳು, ಪ್ರತಿ ತೂಬಿನ ಕೆಳಗೆ ಗದ್ದೆಗಳು, ಪಟದಲ್ಲಿದ್ದಂತೆ ಒಡೆಯರ ಹೆಸರು. ಎರಡು ದಿನದ ಕೆಲಸ, ಬೆನ್ನು ಹಿಡಿದುಕೊಂಡಿತು. ತುರ್ವಿಹಾಳದಿಂದ ಬಂದ ಮಾಸ್ತರರೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಇಮಾಮ್‌ಬೀ ಬಾಯ್ತೆರೆದು ನೋಡಿದ್ದನ್ನು ಶೇಖರಮ್ಮ ಓರೆಗಣ್ಣಿನಲ್ಲಿ ಕಂಡು ಹಿಗ್ಗಿದರು.

ಎರಡೂ ವಿಭಾಗದ ಮಕ್ಕಳನ್ನು ಕರೆದರು. “ಹೋಗ್ರಿ, ನಿಮ್ಮ ನಿಮ್ಮ ಹೊಲದಾಗ ನಿಂದರ್ರಿ. ಯಾರ ಹೊಲಕ್ಕ ನೀರು ಮೊದಲು ಬರ್ತದ, ಯಾರಿಗೆ ಕೊನಿಗೆ ಅಂತ ನೋಡೋಣು.”

ಶಾಲಾ ಸಮಿತಿಯ ಅಧ್ಯಕ್ಷ ಚನ್ನವೀರನ ಮಗಳು ಶಿವರಂಜನಿ ಮೊದಲ ತೂಬಿನಡಿ ಓಡಿ ನಿಂತಳು. ಇನ್ನೂ ಇಪ್ಪತ್ತು ಮಂದಿ ಅಲ್ಲಲ್ಲಿ ನಿಂತರು. ಉಳಿದವರು ರಂಗೋಲಿಯ ಹೊರಗೆ ಗುಂಪಾಗಿ ಉಳಿದರು. ಅರ್ಧಕ್ಕಿಂತ ಹೆಚ್ಚು.

ಗದ್ದೆಮ್ಮನ ಮಗಳು ಭಾರತಿ ಕೇಳಿದಳು: “ನಮಗ ಹೊಲಾನ ಇಲ್ಲಲ್ರೀ ಟೀಚರ್. ನಾ ಎಲ್ಲಿ ನಿಂದರ್ಲಿ?”

ಶೇಖರಮ್ಮ ಪಟದ ಕಡೆ ನೋಡಿದರು. ಪಟದಲ್ಲಿದ್ದುದನ್ನೆಲ್ಲ ಅವರು ಬಿಡಿಸಿದ್ದರು. ಇದು ಪಟದಲ್ಲಿರಲಿಲ್ಲ.

ಪಡಸಾಲೆಯಿಂದ ಇಮಾಮ್‌ಬೀ ಮೆಲ್ಲಗೆ ಹೇಳಿದಳು: “ನಿಮ್ಮವ್ವ ಎಲ್ಲೆಲ್ಲಿ ನಾಟಿ ಹಚ್ಯಾಳೋ ಅಲ್ಲಿ ನಿಂದರು.”

ಭಾರತಿ ಒಂದು ಕ್ಷಣ ಯೋಚಿಸಿ ಚನ್ನವೀರನ ಗದ್ದೆಗೆ ಹೆಜ್ಜೆಯಿಟ್ಟಳು. ಅಲ್ಲಿಂದ ಪಕ್ಕದ ಗದ್ದೆ, ಅಲ್ಲಿಂದ ಕ್ಯಾಂಪಿನ ಗದ್ದೆ. ಆಕೆಯ ಹಿಂದೆ ಉಳಿದವರೆಲ್ಲ ನುಗ್ಗಿದರು. “ನಮ್ಮವ್ವ ಇಲ್ಲಿ ಹಚ್ಯಾಳ! ನಮ್ಮ ದೊಡ್ಡವ್ವ ಇಲ್ಲಿ!” ನಕಾಶೆಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. “ಇದು ನಮ್ಮ ಹೊಲ, ಸರೀರಲೇ!” ಎಂದು ಶಿವರಂಜನಿ ಚೀರಿದಳು. ರಂಗೋಲಿ ಗೆರೆಗಳು ಮಕ್ಕಳ ಕಾಲಿಗೆ ಹತ್ತಿದವು.

ಅಂದಿನ ಪಾಠ ಮಕ್ಕಳು ಮರೆಯುವಂಥದಲ್ಲ. ಎರಡು ದಿನ ಬೆನ್ನು ಬಗ್ಗಿಸಿದ್ದು ಶೇಖರಮ್ಮ, ಪಾಠ ಮಾತ್ರ ಒಂದೇ ಮಾತಿಗೆ ಇಮಾಮ್‌ಬೀಯದಾಯಿತು. ಆ ಸಂಜೆ ಬಸ್ಸಿನಲ್ಲಿ ಪಂಚಾಕ್ಷರಿ ಜಪಿಸಿದರೂ ನಡುನಡುವೆ ಆ ಮಾತೇ ನುಸುಳಿತಂತೆ.

ಮರುದಿನ ಹೆಡ್‌ಮಾಸ್ತರ್ ಆದೆಪ್ಪ ಶೇಖರಮ್ಮನವರನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಚನ್ನವೀರಪ್ಪ ಸಿಟ್ಟಾಗ್ಯಾರ. ಕೂಲಿಯವ್ರ ಹುಡುಗ್ರನ್ನ ನಮ್ಮ ಹೊಲದಾಗ ನಿಂದರಿಸಿದವ್ರು ಯಾರು ಅಂತ ಕೇಳಾಕತ್ಯಾರ. ನಿಮ್ಮ ಹೆಸರು ಬರದಂಗ ನಾ ನೋಡ್ಕೋತೀನಿ. ಆ ಮುದಗಲ್ ಹುಡುಗಿ ಹೆಸರು ಮುಂದಿನ ತಿಂಗಳ ಪಟ್ಟಿಯಿಂದ ತೆಗೀತೀನಿ. ಬೀ ಸೆಕ್ಷನ್ನೂ ನಿಮಗ ಬರ್ತದ. ನಿಮಗೂ ಅದ ಬೇಕಲ್ಲ?”

ಬೇಕಿತ್ತು. ಜೂನ್‌ನಿಂದ ಬೇಕಿತ್ತು. ದೇವರ ಮುಂದೆ ಬಾಯಿಬಿಟ್ಟು ಬೇಡಿರಲಿಲ್ಲ, ಅಷ್ಟೆ.

“ಬ್ಯಾಡ್ರಿ ಸರ್,” ಎಂದರು ಶೇಖರಮ್ಮ.

“ಅಲ್ರೀ, ಆಕಿ ಕಂಡ್ರ ನಿಮಗ ಆಗಂಗಿಲ್ಲಂತ ಇಡೀ ಸಾಲಿಗೇ ಗೊತ್ತದ!”

“ಆಗಂಗಿಲ್ರೀ. ಇವತ್ತೂ ಆಗಂಗಿಲ್ಲ. ಆ ಮಾತು ನನ್ನ ಬಾಯಾಗ ಬರಬೇಕಿತ್ತು, ಆಕಿ ಬಾಯಾಗ ಬಂತು. ಅದಕ್ಕ ಆಕಿ ಅನ್ನ ಕಸಗೊಂಡ್ರ ಆ ಮಾತು ನಂದು ಆಗ್ತದೇನ್ರಿ? ನಕಾಶಿ ಬಿಡಿಸಿದಾಕಿ ನಾನು, ಹುಡುಗ್ರನ್ನ ನಿಂದರ್ರಿ ಅಂದಾಕಿ ನಾನು. ಚನ್ನವೀರಪ್ಪಗ ನನ್ನ ಹೆಸರ ಹೇಳ್ರಿ. ನಿಮ್ಮ ಉಪಕಾರ ನನಗ ಬ್ಯಾಡ.”