ರೌಂಡು ಹಾಕುವ ದಿಕ್ಕು

"ಎಷ್ಟು ರೌಂಡ್ ಆಯ್ತು ಸಾರ್?"

ಜಯನಗರದ ನಮ್ಮ ಪಾರ್ಕಿನಲ್ಲಿ ಬೆಳಗಿನ ನಮಸ್ಕಾರವೆಂದರೆ ಇದೇ. ನನ್ನ ಗುರಿ ಎಂಟು. ಐದೂಮುಕ್ಕಾಲಿಗೆ ಶುರು, ಆರೂವರೆಗೆ ಮುಕ್ತಾಯ.

ಈ ರೌಂಡ್ ಎಲ್ಲೆಲ್ಲಿ ಸುತ್ತುತ್ತದೆ ನೋಡಿ. ಮದುವೆ ಪಂಕ್ತಿಯಲ್ಲಿ ಸಾರು ಎರಡನೇ ರೌಂಡ್ ಬರುತ್ತದೆ. ಡಾಕ್ಟರು ರೌಂಡ್ಸಿಗೆ ಹೋದರೆ ಬೇಗ ಸಿಗುವುದಿಲ್ಲ. ಮೊಮ್ಮಗಳು ಇಂಟರ್‌ವ್ಯೂನಲ್ಲಿ ಮೂರನೇ ರೌಂಡಿಗೆ ಬಂದೆನೆಂದು ಕುಣಿಯುತ್ತಾಳೆ. ಬೈಕಿನ ಹುಡುಗರು "ಮಗಾ, ಒಂದ್ ರೌಂಡ್ ಹೋಗ್ಬರೋಣ" ಎಂದರೆ ಊರೂ ಇಲ್ಲ, ಟೈಮೂ ಇಲ್ಲ (ನನಗೆ ಅರ್ಥವಾಗದ ರೌಂಡ್ ಇದೊಂದೇ).

ಪಾರ್ಕಿನ ರೌಂಡಿಗೆ ಮಾತ್ರ ನಿಯಮವಿದೆ. ದೇವಸ್ಥಾನದ ಪ್ರದಕ್ಷಿಣೆಯ ಹಾಗೆ, ಎಲ್ಲರದೂ ಒಂದೇ ದಿಕ್ಕು. ಬೋರ್ಡೇನೂ ಇಲ್ಲ. ಯಾರೋ ಶುರು ಮಾಡಿದರು, ನಾವು ಪಾಲಿಸುತ್ತೇವೆ. ದಾರಿಯ ಮೇಲೆ ಹೊಂಗೆ ಹೂವು ಪುರಿ ಚೆಲ್ಲಿದಂತೆ ಬಿದ್ದಿರುತ್ತದೆ. ಅರೆಬೆಳಕಿನಲ್ಲಿ ಮುಂದಿನವರ ಬೆನ್ನು ತೇಲುತ್ತಾ ಹೋಗುತ್ತದೆ, ಅದರ ಹಿಂದೆ ನಾವೂ ತೇಲುತ್ತೇವೆ.

ಹೋದ ತಿಂಗಳು ಒಬ್ಬ ಹೆಂಗಸು ಎದುರಿನಿಂದ ಬರತೊಡಗಿದರು. ನಡುವಯಸ್ಸು, ಇಳಕಲ್ ಸೀರೆ, ಕ್ಯಾನ್ವಾಸ್ ಶೂ.

"ನೀವು ಹಿರಿಯರು, ನೀವೇ ಹೇಳ್ಬಿಡಿ ಸಾರ್" ಎಂದರು ಗೆಳೆಯರು. ಹೇಳಿಯೇಬಿಟ್ಟೆ.

"ಮೇಡಂ, ಇಲ್ಲಿ ಎಲ್ರೂ ಒಂದೇ ಕಡೆ ನಡೀತೀವಿ. ನೀವು ಉಲ್ಟಾ ಬರ್ತಿದ್ದೀರ."

ಅವರು ನಕ್ಕರು. "ಗೊತ್ತೈತ್ರಿ ಸರ. ಗದಗದಿಂದ ಬಂದು ಮೂರು ತಿಂಗಳಾತು. ನಮ್ಮವರು ಆಫೀಸಿಗೆ ಹೋದ್ರ ಸಂಜೀತನಕ ಮಾತಾಡ್ಲಿಕ್ಕೆ ಯಾರೂ ಇಲ್ಲ. ನಿಮ್ಮ ಕೂಡ ನಡದ್ರ ಬರೇ ಬೆನ್ನು ಕಾಣ್ತಾವು. ಹಿಂಗ ಬಂದ್ರ ಒಂದ್ ರೌಂಡಿನ್ಯಾಗ ಎಲ್ಲಾರ ಮಾರಿ ಎರಡೆರಡು ಸಲ ಕಾಣ್ತಾವ್ರಿ. ಅಷ್ಟ ಸಾಕು ನನಗ."

"ಆದ್ರೂ ರೂಲ್ ಅಂದ್ರೆ ರೂಲು" ಎಂದೆ. (ಅಭ್ಯಾಸಬಲ.)

"ಆತು ಬಿಡ್ರಿ" ಎಂದರು.

ಮರುದಿನ ನಮ್ಮ ದಿಕ್ಕಿನಲ್ಲೇ ನಡೆದರು. ತಲೆ ತಗ್ಗಿಸಿ, ಎರಡೇ ರೌಂಡು. ಅದರ ಮರುದಿನ ಅವರು ನಡೆದ ರೀತಿ ನೋಡಿದರೆ ಒಂದೇ ರೌಂಡಿಗೆ ಮುಗಿಸುವಂತಿತ್ತು. ನಾಳೆ ಇವರು ಬರುವುದಿಲ್ಲ ಅನ್ನಿಸಿತು. ಆ ಯೋಚನೆಯಲ್ಲಿ ನನ್ನ ಲೆಕ್ಕವೇ ತಪ್ಪಿತು. ಐದಾಯಿತೋ, ಆರೋ? ನಿಂತೆ. ತಿರುಗಿ ನಡೆದೆ.

"ಸಾರ್, ಉಲ್ಟಾ ಉಲ್ಟಾ!" ಯಾರೋ ಕೂಗಿದರು.

ತಿರುವಿನಲ್ಲಿ ಅವರು ಎದುರಾದರು. ತಲೆಯೆತ್ತಿದರು.

"ಬನ್ನಿ ಮೇಡಂ, ಈ ಕಡೆಯಿಂದಾನೇ ಹೋಗೋಣ."

"ರೂಲ್ ಏನಾತ್ರಿ?" ಎಂದು ಕೇಳುತ್ತಲೇ ಅವರೂ ತಿರುಗಿದರು.

ಅರೆಬೆಳಕಿನೊಳಗಿಂದ ಒಂದೊಂದೇ ಮುಖ ಮೂಡಿ, ಹತ್ತಿರವಾಗಿ, ದಾಟಿ ಹೋಯಿತು. ವರ್ಷಗಳಿಂದ ನನ್ನ ಹಿಂದೆಯೇ ಬರುವ ಶಾಮಣ್ಣನವರು ನಡೆಯುವಾಗ ತಮ್ಮಷ್ಟಕ್ಕೆ ತಾವೇ ನಗುತ್ತಿರುತ್ತಾರೆ. ಅದನ್ನು ನಾನು ನೋಡಿದ್ದು ಅವತ್ತೇ.

ಇಷ್ಟು ವರ್ಷ ನಾವೆಲ್ಲ ಜೊತೆಯಾಗಿ ನಡೆದೆವೋ, ಬರೀ ಒಬ್ಬರ ಹಿಂದೆ ಒಬ್ಬರೋ?