ಕೆಳಮನೆಯ ಸೆನ್ಸೇ ಮತ್ತು ವಾಸನೆ ಹೋದ ಇಂಗು

ಮೊನ್ನೆ ನಾವಿರುವ ನಿಶಿಕಸಾಯ್ ಕಡೆಗೆ ಬರುವ ರೈಲಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜ ಬಂದು ಕುಳಿತರು. ಕೂತ ಕೂಡಲೇ ಆ ವಾಸನೆ ಬಂತು. ಇಲ್ಲಿ ಜಪಾನಿನಲ್ಲಿ ವಯಸ್ಸಾದವರು ಸೊಂಟಕ್ಕೆ, ಮಂಡಿಗೆ ಅಂಟಿಸಿಕೊಳ್ಳುವ ನೋವಿನ ಪಟ್ಟಿಯ ವಾಸನೆ. ಪುದೀನಾ, ಕರ್ಪೂರ, ಹಳೆಯ ಔಷಧಿ ಅಂಗಡಿ ಎಲ್ಲ ಒಟ್ಟಿಗೆ ಮೂಗಿಗೆ ಬಂದ ಹಾಗಿರುತ್ತದೆ. ನಾನು ಇಳಿಯಬೇಕಾದ ಸ್ಟೇಷನ್ ಬಂತು, ಬಾಗಿಲು ತೆರೆಯಿತು, ಮುಚ್ಚಿತು... ನಾನು ಏಳಲಿಲ್ಲ. ಎರಡು ಸ್ಟೇಷನ್ ಮುಂದೆ ಹೋಗಿ ಇಳಿದು, ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಅತ್ತೆ. ಈಗ ನನ್ನ ಮೂಗು ಇಷ್ಟು ಚುರುಕು. ಬೇಕಾಗಿದ್ದ ದಿನ ಕೈಕೊಟ್ಟ ಮೂಗು ಇದೇ.

ಆ ಪಟ್ಟಿಯ ವಾಸನೆ ನನಗೆ ನಮ್ಮ ಕೆಳಗಿನ ಮನೆಯಲ್ಲಿದ್ದವರದು. ಅರವತ್ತು ದಾಟಿದ್ದ ಒಂಟಿ ಮನುಷ್ಯ. ಒಂದು ಚಿಕ್ಕ ಮಹಿಳಾ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್. ಮಗಳು ಸೆನ್ಸೇ, ಅಂದರೆ ಮೇಷ್ಟ್ರು, ಎನ್ನುತ್ತಿದ್ದಳು, ನಾನೂ ಹಾಗೇ ಕರೆದೆ. ಮನೆಯೊಳಗೆ ಮಾತ್ರ ಅವರು ನಮಗೆ 'ಕೆಳಮನೆಯ ಸೆನ್ಸೇ'.

ಪರಿಚಯವಾದದ್ದು ಕೊರೊನಾದ ಮೊದಲ ವಸಂತದಲ್ಲಿ. ಶಾಲೆಗಳು ಮುಚ್ಚಿದ್ದವು. ನಮ್ಮವರು ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೀಟಿಂಗ್ ಮೇಲೆ ಮೀಟಿಂಗ್ ಮಾಡುತ್ತಿದ್ದರು. ಇಲ್ಲೇ ಹುಟ್ಟಿ ಬೆಳೆದು ಹನ್ನೆರಡನೇ ತರಗತಿಗೆ ಬಂದಿದ್ದ ಮಗಳು ಹಾಲಿನಲ್ಲಿ ಯೋಗದ ಚಾಪೆ ಹಾಸಿ, ಅದರ ಮೇಲೆ ಚೆಂಡು ಪುಟಿಸುತ್ತಿದ್ದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಮೈಸೂರಿನಲ್ಲಿ ಕಾಲೇಜಿಗೆ ಆಡಿದವಳು ನಾನು. ಆ ಸದ್ದು ಕೇಳಿದರೆ ಈಗಲೂ ನನ್ನ ಕಾಲು ಸುಮ್ಮನಿರುವುದಿಲ್ಲ. ಒಂದು ವಾರಕ್ಕೆ ಲಿಫ್ಟಿನ ಪಕ್ಕ ನೋಟಿಸ್ ಬಿತ್ತು. 'ಚೆಂಡಿನ ಸದ್ದಿನ ಬಗ್ಗೆ ದಯವಿಟ್ಟು ಗಮನವಿಡಿ' ಎಂದಿತ್ತು. ಮನೆಯ ನಂಬರ್ ಬರೆದಿರಲಿಲ್ಲ, ಇಲ್ಲಿ ಬರೆಯುವುದಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನೊಬ್ಬಳೇ ಇದ್ದೆ.

ಇಲ್ಲಿನ ಪದ್ಧತಿಯಂತೆ ಏನಾದರೂ ಸಿಹಿ ತೆಗೆದುಕೊಂಡು ಹೋಗಿ ತಲೆಬಾಗಿಸಬೇಕು. ರವೆ ಉಂಡೆ ಕಟ್ಟಿ, ಡಬ್ಬಿಗೆ ತುಂಬಿ, ಮಾಸ್ಕ್ ಹಾಕಿ, ಮಗಳನ್ನು ಮುಂದಿಟ್ಟುಕೊಂಡು ಹೋದೆ. ನನ್ನ ಜಪಾನಿ ತರಕಾರಿ ಅಂಗಡಿ ದಾಟುವುದಿಲ್ಲ. ಬಾಗಿಲು ತೆರೆದಾಗ ಮೊದಲು ಬಂದದ್ದು ಆ ಪಟ್ಟಿಯ ವಾಸನೆ, ಆಮೇಲೆ ಅವರು. ನಾನು 'ಸುಮಿಮಾಸೆನ್, ಸುಮಿಮಾಸೆನ್' ಎಂದು ಕ್ಷಮೆ ಕೇಳುತ್ತಾ ಬಗ್ಗಿದ್ದೇ ಬಗ್ಗಿದ್ದು. ಅವರು ನನ್ನ ಕಡೆ ನೋಡದೆ ಮಗಳಿಗೆ ಏನೋ ಹೇಳಿದರು. ಅವಳ ಕಣ್ಣು ಅರಳಿತು.

"ಅಮ್ಮಾ, ನೋಟಿಸ್ ಹಾಕ್ಸಿದ್ದು ಇವ್ರಲ್ವಂತೆ. ನನ್ ಲೆಫ್ಟ್ ಹ್ಯಾಂಡ್ ಲೇಟ್ ಅಂತೆ! ಕೆಳಗಡೆಯಿಂದಾನೇ ಗೊತ್ತಾಗುತ್ತಂತೆ!"

ಸೂರಿನ ಮೂಲಕ ಬರುವ ಸದ್ದಿನಲ್ಲಿ ಎಡಗೈ ಯಾವುದು ಬಲಗೈ ಯಾವುದು ಎಂದು ತಿಳಿಯುವ ಮನುಷ್ಯ... ಆವತ್ತಿನಿಂದ ಪ್ರತಿ ಸಂಜೆ ಇಬ್ಬರೂ ಹೊಳೆಯ ದಂಡೆಗೆ ಹೋಗಿ, ಒಬ್ಬರಿಂದೊಬ್ಬರು ದೂರ ನಿಂತು, ಎಡಗೈ ತಿದ್ದತೊಡಗಿದರು. ನಾನು ಫ್ಲಾಸ್ಕಿನಲ್ಲಿ ಟೀ ಹಿಡಿದು ಜೊತೆಗೆ ಹೋಗುತ್ತಿದ್ದೆ. ಹೋದ ಮೇಲೆ ಬಾಯಿ ಮುಚ್ಚಿಕೊಂಡಿರುವ ಜಾತಿ ನನ್ನದಲ್ಲ.

ಜಗಳವೆಂದರೆ ಒಂದೇ ವಿಷಯಕ್ಕೆ. ದೊಡ್ಡ ವಿಶ್ವವಿದ್ಯಾಲಯಗಳು ಹೈಸ್ಕೂಲಿನಲ್ಲೇ ಹೆಸರು ಮಾಡಿದ, ಪತ್ರಿಕೆಗಳಲ್ಲಿ ರ‍್ಯಾಂಕ್ ಪಡೆದ, ಎತ್ತರದ ಹುಡುಗಿಯರನ್ನು ಹುಡುಕಿ ಹುಡುಕಿ ಕರೆದುಕೊಳ್ಳುತ್ತಿದ್ದವು. ಇವರ ಕಾಲೇಜಿಗೆ ಬರುತ್ತಿದ್ದವರು ಮಿಕ್ಕವರು. ಹನ್ನೊಂದು ಜನರಲ್ಲಿ ಒಬ್ಬಳ ಹೆಸರೂ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವರನ್ನು ಇಟ್ಟುಕೊಂಡು ಗೆಲ್ಲಬಹುದೆಂದು ಸೆನ್ಸೇ ನಂಬಿದ್ದರು. ನಾನು ನಂಬಲಿಲ್ಲ. ಮೂರು ವರ್ಷ ಸ್ಪೋರ್ಟ್ಸ್ ಹಾಸ್ಟೆಲ್ ಹುಡುಗಿಯರ ಮೊಣಕೈ ಏಟು ತಿಂದು ಸೋತವಳಿಗೆ ಅದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

"ಅವ್ರಿಗೆ ಹೇಳು, ಇಂಗು ತೆಂಗು ಇದ್ರೆ ಮಂಗಾನೂ ಅಡುಗೆ ಮಾಡುತ್ತೆ. ಆ ದೊಡ್ಡ ಕೋಚ್‌ಗಳ ಹತ್ರ ಎರಡೂ ಇದೆ. ಇವ್ರ ಹತ್ರ ಏನಿದೆ?" ಎಂದೆ ಮಗಳಿಗೆ.

ಅದನ್ನು ಅವಳು ಹೇಗೆ ಜಪಾನಿಗೆ ತಂದಳೋ ದೇವರೇ ಬಲ್ಲ. ಸೆನ್ಸೇ ಗಂಭೀರವಾಗಿ ಯೋಚಿಸಿ, ತೆಂಗು ಗೊತ್ತು, ಇಂಗು ಎಂದರೇನು ಎಂದು ಕೇಳಿದರು. ಮಾರನೆಯ ದಿನ ಡಬ್ಬಿಯನ್ನೇ ಒಯ್ದೆ. ವಿಮಾನಗಳು ನಿಲ್ಲುವ ಮೊದಲು ನಮ್ಮ ಅತ್ತಿಗೆ ಮೈಸೂರಿನಿಂದ ತಂದುಕೊಟ್ಟಿದ್ದ ಇಂಗು. ಅವರು ಮಾಸ್ಕ್ ಇಳಿಸಿ ಮೂಸಿ, ಎರಡು ಹೆಜ್ಜೆ ಹಿಂದೆ ಹಾರಿ, ಕೆಮ್ಮಿ, ಕಣ್ಣೀರು ಒರೆಸಿಕೊಂಡು ನಕ್ಕರು. ಆಮೇಲೆ ಹೇಳಿದ್ದು ನನಗೆ ಇನ್ನೂ ನೆನಪಿದೆ: ಇದಿಲ್ಲದೆ ಅಡುಗೆ ಮಾಡುವುದನ್ನೇ ನಾನು ಮೂವತ್ತು ವರ್ಷದಿಂದ ಕಲಿಯುತ್ತಿದ್ದೇನೆ.

ಮುಂದಿನ ಏಪ್ರಿಲ್‌ನಲ್ಲಿ ಮಗಳು ಅವರ ಕಾಲೇಜಿಗೇ ಸೇರಿದಳು. ಬೆಂಗಳೂರಿನ ಎಂಜಿನಿಯರಿಂಗ್ ಸೀಟಿಗಾಗಿ ನಾನು ಎಷ್ಟು ರಂಪ ಮಾಡಿದೆನೋ ಲೆಕ್ಕವಿಲ್ಲ. ಆದರೆ ಆ ತಿಂಗಳುಗಳಲ್ಲಿ ಬೆಂಗಳೂರಿನಿಂದ ಬರುತ್ತಿದ್ದ ಫೋನ್‌ಗಳನ್ನು ನೆನೆದರೆ... ಎಲ್ಲಿಗೆಂದು ಕಳಿಸುವುದು? ಹನ್ನೊಂದು ಜನ ಹನ್ನೆರಡಾದರು, ಅಷ್ಟೇ.

ಅದೇ ಬೇಸಿಗೆಯಲ್ಲಿ ಕಾಲೇಜಿನವರು ಸೆನ್ಸೇಗೆ ಒಂದು ಮಾತು ಹೇಳಿದರು. ವಿದ್ಯಾರ್ಥಿಗಳು ಕಡಿಮೆಯಾಗುತ್ತಿದ್ದಾರೆ, ಮೂರನೇ ದರ್ಜೆಯ ತಂಡವನ್ನು ಇನ್ನು ನಡೆಸಲಾಗದು. ಈ ಶರತ್ಕಾಲದ ಲೀಗಿನಲ್ಲಿ ಎರಡನೇ ದರ್ಜೆಗೆ ಏರಿದರೆ ಕ್ಲಬ್ ಉಳಿಯುತ್ತದೆ, ಇಲ್ಲದಿದ್ದರೆ ಮಾರ್ಚಿಗೆ ಮುಚ್ಚುತ್ತೇವೆ. ಸೆನ್ಸೇ ಇದನ್ನು ಹುಡುಗಿಯರಿಂದ ಮುಚ್ಚಿಡಲಿಲ್ಲ. ಹೇಳಿ, ಎಂದಿನಂತೆ ಅಭ್ಯಾಸ ಶುರು ಮಾಡಿದರು.

ಅವರ ಅಭ್ಯಾಸ ನೋಡಿದವರು ನಗಬೇಕು. ಹುಡುಗಿಯರು ಬುಟ್ಟಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಸೆನ್ಸೇ ಚೆಂಡು ಎಸೆಯುತ್ತಿದ್ದರು. ರಿಂಗಿಗೆ ತಗುಲಿದ ಸದ್ದು ಕೇಳಿ, ಅದು ಎಡಕ್ಕೆ ಬೀಳುತ್ತದೋ ಬಲಕ್ಕೋ, ಹತ್ತಿರವೋ ದೂರವೋ ಎಂದು ಕೈ ತೋರಿಸಬೇಕು. ಗಂಟೆಗಟ್ಟಲೆ ಇದೇ. ಹೆಸರಿರುವವರು ಚೆಂಡನ್ನು ನೋಡುತ್ತಾರೆ, ನೀವು ಅದು ಬೀಳುವ ಜಾಗಕ್ಕೆ ಹೋಗಿ ನಿಲ್ಲಿ ಎನ್ನುತ್ತಿದ್ದರು. ಕಣ್ಣಿದ್ದೂ ಕುರುಡರ ಆಟ ಎಂದು ನಾನು ಮನೆಯಲ್ಲಿ ಗೊಣಗಿದೆ.

ಲೀಗ್ ಶುರುವಾದಾಗ ನಾನು ಬಾಯಿ ಮುಚ್ಚಿದೆ. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ, ಕೂಗುವಂತಿರಲಿಲ್ಲ, ಬೆಂಚಿನಲ್ಲಿದ್ದವರು ಚಪ್ಪಾಳೆ ತಟ್ಟಬಹುದಿತ್ತು ಅಷ್ಟೇ. ಆ ಖಾಲಿ ಕ್ರೀಡಾಂಗಣದಲ್ಲಿ ರಿಂಗಿನ ಪ್ರತಿಯೊಂದು ಸದ್ದೂ ಗಂಟೆಯ ಹಾಗೆ ಕೇಳುತ್ತಿತ್ತು. ಎದುರಿನ ಎತ್ತರದ ಹುಡುಗಿ ಕೈ ಎತ್ತುವ ಮೊದಲೇ ನಮ್ಮ ಕುಳ್ಳಿಯೊಬ್ಬಳು ಆ ಜಾಗದಲ್ಲಿ ನಿಂತಿರುತ್ತಿದ್ದಳು. ಗೆದ್ದೆವು. ಮತ್ತೆ ಗೆದ್ದೆವು. ಉಳಿದದ್ದು ಒಂದೇ ಆಟ, ಗೆದ್ದರೆ ಎರಡನೇ ದರ್ಜೆ. ಎದುರಾಳಿಗಳು ಆ ವರ್ಷವಷ್ಟೇ ಮೂವರು ರ‍್ಯಾಂಕಿನ ಹುಡುಗಿಯರನ್ನು ಸೇರಿಸಿಕೊಂಡ ತಂಡ. ನಮ್ಮ ಹೊಳೆದಂಡೆಯ ಜಗಳಕ್ಕೆ ಅಲ್ಲಿ ತೀರ್ಪಾಗುವುದಿತ್ತು. ಆ ಜಗಳದಲ್ಲಿ ನಾನೇ ಸೋಲಲೆಂದು ದಿನಾ ದೇವರಿಗೆ ದೀಪ ಹಚ್ಚುತ್ತಿದ್ದೆ.

ತಂಡದ ಜೊತೆ ಇಬ್ಬರು ಸಹಾಯಕರಿಗೆ ಅವಕಾಶವಿತ್ತು. ಅವರಲ್ಲಿ ನಾನೊಬ್ಬಳು. ಚೆಂಡು ಒರೆಸುವುದು, ನೀರಿನ ಬಾಟಲಿ ಬೇರೆ ಬೇರೆ ಇಡುವುದು, ಮತ್ತು ಆರೋಗ್ಯದ ಪಟ್ಟಿ. ಎಲ್ಲರೂ ದಿನಾ ಬೆಳಿಗ್ಗೆ ಮೈಯ ಉಷ್ಣಾಂಶ ನೋಡಿ ಕಳಿಸಬೇಕು. ಕೆಮ್ಮು ಇದೆಯೇ, ಇಲ್ಲವೇ. ವಾಸನೆ ತಿಳಿಯುತ್ತದೆಯೇ, ಇಲ್ಲವೇ. ನಾನು ತುಂಬಿ ಸೆನ್ಸೇಗೆ ಒಪ್ಪಿಸಬೇಕು. ಸಹಾಯಕರದೂ ಅದರಲ್ಲೇ, ಕೊನೆಯ ಸಾಲು ನನ್ನದು.

ಆಟದ ದಿನ ಬೆಳಿಗ್ಗೆ ಮಗಳಿಗೆ ಚಿತ್ರಾನ್ನ ಮಾಡಲು ಒಗ್ಗರಣೆಗಿಟ್ಟೆ. ಹಿಂದಿನ ದಿನದಿಂದ ಸ್ವಲ್ಪ ಮೂಗು ಕಟ್ಟಿತ್ತು. ಚಳಿ ಶುರುವಾಗುವ ಹೊತ್ತು, ಅದೇನೂ ದೊಡ್ಡದಲ್ಲ ಎಂದುಕೊಂಡಿದ್ದೆ. ಕಾದ ಎಣ್ಣೆಗೆ ಅತ್ತಿಗೆಯ ಇಂಗು ಹಾಕಿದೆ. ವಾಸನೆ ಬರಲಿಲ್ಲ. ಇನ್ನೊಂದು ಚಿಟಿಕೆ ಹಾಕಿದೆ. ಇಲ್ಲ. ಡಬ್ಬಿಗೇ ಮೂಗಿಟ್ಟು ಎಳೆದೆ... ಏನೂ ಇಲ್ಲ. ಇಂಗಿನ ವಾಸನೆ ಬಾರದ ಮೂಗು! ಹಿಂದಿನ ದಿನವಷ್ಟೇ ಇದೇ ಕೈಯಿಂದ ಅಷ್ಟೂ ಚೆಂಡು ಒರೆಸಿದ್ದೆ, ಅಷ್ಟೂ ಹುಡುಗಿಯರಿಗೆ ಬಾಟಲಿ ಕೊಟ್ಟಿದ್ದೆ.

ಮಗಳು ಶೂ ಕಟ್ಟುತ್ತಿದ್ದಳು. ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಅಮ್ಮಾ, ಪ್ಲೀಸ್. ನೀನು ಬರ್ಬೇಡ, ಮನೇಲಿರು. ಆದ್ರೆ ಬರೀಬೇಡ. ಇವತ್ತೊಂದಿನ, ಅಷ್ಟೇ. ಒನೆಗಾಯ್, ಅಮ್ಮಾ..."

ಒನೆಗಾಯ್ ಎಂದರೆ ಬೇಡಿಕೊಳ್ಳುತ್ತೇನೆ ಎಂದು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಇಂಜೆಕ್ಷನ್ ಬೇಡವೆಂದು ಹೀಗೇ ಅಳುತ್ತಿದ್ದಳು. ಬರೆಯದೆ ಬಿಡಲು ನನಗೂ ಮನಸ್ಸಾಯಿತು, ಸುಳ್ಳೇಕೆ ಹೇಳಲಿ. ಪೆನ್ನನ್ನು 'ತಿಳಿಯುತ್ತದೆ' ಎಂಬುದರ ಮೇಲಕ್ಕೆ ಒಯ್ದೆ ಕೂಡ. ಅಷ್ಟರಲ್ಲಿ ಬೆಂಗಳೂರಿನಲ್ಲಿ ಆಕ್ಸಿಜನ್‌ಗೆಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ತೀರಿಹೋದ ನನ್ನ ಚಿಕ್ಕಪ್ಪನ ನೆನಪಾಯಿತು. ಆ ಹುಡುಗಿಯರ ಮನೆಗಳಲ್ಲೂ ಅಜ್ಜ ಅಜ್ಜಿ ಇದ್ದರು. 'ಇಲ್ಲ' ಎಂಬುದಕ್ಕೆ ಸುತ್ತು ಹಾಕಿ ಸೆನ್ಸೇಗೆ ಫೋನ್ ಮಾಡಿದೆ.

ಫೋನಿನಲ್ಲಿ ಹುಡುಗಿಯರ ಚೀಲದ ಜಿಪ್ ಎಳೆಯುವ ಸದ್ದು ಕೇಳುತ್ತಿತ್ತು. ಕೊನೆಗೆ "ವಕಾರಿಮಶಿತಾ" ಎಂದರು, ತಿಳಿಯಿತು ಎಂದು. ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದರು. ಒಬ್ಬರಿಗೆ ಅನುಮಾನವಿದ್ದರೂ ತಂಡವೇ ಹಿಂದೆ ಸರಿಯುವುದು ಇಲ್ಲಿ ಆ ವರ್ಷಗಳ ರೀತಿ. ಅವರು ಹಿಂದೆ ಸರಿದರು. ಆಡದ ಆಟದ ಫಲಿತಾಂಶ ಇಪ್ಪತ್ತು-ಸೊನ್ನೆ ಎಂದು ದಾಖಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಕಸಿದುಕೊಂಡ ಕೈ ನನ್ನದು.

ಮೂರನೆಯ ದಿನ ನನ್ನ ಪರೀಕ್ಷೆಯ ವರದಿ ಬಂತು. ಕೊರೊನಾ ಇರಲಿಲ್ಲ, ಬರೀ ನೆಗಡಿ. ಅಷ್ಟು ಹೊತ್ತಿಗೆ ಮೂಗು ಬಿಟ್ಟಿತ್ತು, ಆದರೂ ಇಂಗು ಮಾತ್ರ ನಾರುತ್ತಿರಲಿಲ್ಲ. ನಮ್ಮವರು ಇಂಡಿಯನ್ ಅಂಗಡಿಯಿಂದ ಹೊಸ ಡಬ್ಬಿ ತಂದರು. ಮುಚ್ಚಳ ತೆಗೆದದ್ದೇ ತಡ, ಮನೆಯೆಲ್ಲ ಘಮ್ಮೆಂದಿತು.

ಕೆಟ್ಟಿದ್ದದ್ದು ಇಂಗು. ಬೀದಿಯ ಕೊನೆಯಲ್ಲೇ ಇಂಗು ಸಿಗುತ್ತಿದ್ದರೂ, ಊರಿಂದ ಬಂದದ್ದೆಂದು, ಇನ್ನು ಯಾವಾಗ ಯಾರು ಬರುತ್ತಾರೋ ಎಂದು, ತಿಂಗಳುಗಟ್ಟಲೆ ಚಿಟಿಕೆ ಚಿಟಿಕೆ ಉಳಿಸಿಟ್ಟಿದ್ದೆ. ಮುಚ್ಚಳ ಸಡಿಲವಾಗಿದ್ದ ಡಬ್ಬಿ, ಅದರ ಸತ್ವವೆಲ್ಲ ಎಂದೋ ಹಾರಿಹೋಗಿತ್ತು. ಅಡುಗೆಮನೆಯ ನೆಲದ ಮೇಲೆ ಒಂದೊಂದು ಕೈಯಲ್ಲಿ ಒಂದೊಂದು ಡಬ್ಬಿ ಹಿಡಿದು, ಇಂಗು ತಿಂದ ಮಂಗನ ಹಾಗೆ ಕೂತಿದ್ದೆ. ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ.

ಮತ್ತೆ ಸಿಹಿ ಮಾಡಿಕೊಂಡು ಕೆಳಗೆ ಹೋದೆ, ಈ ಸಲ ಒಬ್ಬಳೇ. ನನ್ನ ಹರಕು ಜಪಾನಿಯಲ್ಲಿ ಹೇಳಿದೆ: ನೆಗಡಿ, ಇಂಗು ಹಳೆಯದು, ತಪ್ಪು ನನ್ನದು. ಹಳೆಯ ಡಬ್ಬಿಯನ್ನೂ ಒಯ್ದಿದ್ದೆ, ಯಾಕೋ ತೋರಿಸಬೇಕೆನ್ನಿಸಿತ್ತು. ಸೆನ್ಸೇ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮಾಸ್ಕ್ ಇಳಿಸಿ, ಕಣ್ಣು ಮುಚ್ಚಿ ನಿಧಾನವಾಗಿ ಮೂಸಿದರು. ಹಿಂದೆ ಹಾರಲಿಲ್ಲ. ಮತ್ತೊಮ್ಮೆ ಮೂಸಿದರು.

"ನನಗೂ ಬರ್ತಾ ಇಲ್ಲ," ಎಂದರು, ನನಗೆ ತಿಳಿಯಲೆಂದು ಬಿಡಿಸಿ ಬಿಡಿಸಿ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಡಬ್ಬಿಯ ಮುಚ್ಚಳವನ್ನು ಭದ್ರವಾಗಿ ಒತ್ತಿ ಮುಚ್ಚಿ, ಬಗ್ಗಿ ನನಗೆ ವಾಪಸ್ ಕೊಟ್ಟರು.

ಮಾರ್ಚಿನಲ್ಲಿ ಕ್ಲಬ್ ಮುಚ್ಚಿತು. ಸೆನ್ಸೇ ತಮ್ಮ ಊರಾದ ಇಶಿಕಾವಾದ ನೋಮಿಗೆ ಹೋದರು. ಹೋಗುವ ದಿನ ನಮ್ಮ ಬಾಗಿಲಿಗೆ ಒಂದು ಚೀಲ ತಗುಲಿಸಿದ್ದರು, ಒಳಗೆ ಚೆಂಡು. ಮಗಳು ಅದನ್ನು ಮುಟ್ಟಲಿಲ್ಲ. ಹೊಸವರ್ಷಕ್ಕೆ ಅವರಿಂದ ಕಾರ್ಡು ಬರುತ್ತಿತ್ತು, 'ಎಡಗೈ ಹೇಗಿದೆ?' ಎಂದು ಒಂದೇ ಸಾಲು. ನಾನು ಪ್ರತಿ ಸಲವೂ, ಚೆನ್ನಾಗಿದೆ ಎಂದು ಸುಳ್ಳು ಬರೆದೆ. ಆರೋಗ್ಯದ ಪಟ್ಟಿಯಲ್ಲಿ ಬರೆಯದ ಸುಳ್ಳನ್ನು ಕಾರ್ಡಿನಲ್ಲಿ ಬರೆದೆ. ಹೋದ ಚಳಿಗಾಲ ಅವರ ಕಾರ್ಡಿಗೆ ಬದಲು ಬೂದು ಅಂಚಿನದೊಂದು ಬಂತು. ಅಣ್ಣ ತೀರಿಕೊಂಡಿದ್ದರಿಂದ ಈ ವರ್ಷ ಶುಭಾಶಯ ಹೇಳಲಾರೆವು ಎಂದು ಅವರ ತಂಗಿ ಬರೆದಿದ್ದರು.

ಮಗಳಿಗೆ ಈಗ ಕೋಬೆಯಲ್ಲಿ ಕೆಲಸ. ಫೋನ್ ಮಾಡಿ ಸುದ್ದಿ ಹೇಳಿದೆ. "ನೀನು ಬರ್ದಿದ್ದು ಸರಿ, ಅಮ್ಮಾ," ಎಂದಳು. ಆಮೇಲೆ, "ಆದ್ರೆ ನಾವು ಗೆಲ್ತಿದ್ವಿ" ಎಂದಳು. ಗೆಲ್ಲುತ್ತಿದ್ದರೋ ಇಲ್ಲವೋ... ಸೆನ್ಸೇ ಹೇಳಿದ್ದು ನಿಜವೋ, ನಾನು ಹೇಳಿದ್ದೋ? ಆ ಪ್ರಶ್ನೆಯನ್ನು ಕೊಂದವಳು ನಾನು. ಅದಕ್ಕೆ ಉತ್ತರ ಈ ಜನ್ಮದಲ್ಲಿ ಸಿಗುವುದಿಲ್ಲ.

ಮೊನ್ನೆ ರೈಲಿಳಿದು ಮನೆಗೆ ಬಂದು, ಚಪ್ಪಲಿ ಗೂಡಿನ ಮೇಲಿದ್ದ ಆ ಚೆಂಡನ್ನು ಇಳಿಸಿದೆ. ಗಾಳಿ ತುಂಬಿಸಿದೆ. ಯೋಗದ ಚಾಪೆ ಹಾಸಿ ಎಡಗೈಯಲ್ಲಿ ಪುಟಿಸಿದೆ, ನೆಲಕ್ಕೆ ಕಿವಿಗೊಟ್ಟು. ಮಾರನೆಯ ದಿನವೂ ಪುಟಿಸಿದೆ. ನನ್ನ ಎಡಗೈಯೂ ತಡ, ನನಗೇ ಕೇಳಿಸುತ್ತಿತ್ತು.

ಇವತ್ತು ಲಿಫ್ಟಿನ ಪಕ್ಕ ನೋಟಿಸ್ ಬಿದ್ದಿದೆ. ರವೆ ಉಂಡೆ ಕಟ್ಟಿಕೊಂಡು ಕೆಳಗೆ ಹೋದೆ. ಆ ಮನೆಯಲ್ಲಿ ಈಗ ಚಿಕ್ಕ ವಯಸ್ಸಿನ ಗಂಡ ಹೆಂಡತಿ ಇದ್ದಾರೆ. ಬಾಗಿಲು ತೆರೆದಾಗ ಯಾವ ವಾಸನೆಯೂ ಬರಲಿಲ್ಲ. ಆತ ಡಬ್ಬಿ ತೆಗೆದುಕೊಂಡು, ಪರವಾಗಿಲ್ಲ ಎಂದು ನಗುತ್ತಾ ಬಗ್ಗಿದ. ನಾನು ಹೋಗದೆ ನಿಂತೇ ಇದ್ದೆ. ಇನ್ನೇನಾದರೂ ಹೇಳುವುದಿದೆಯೇ ಎಂದು ಆತ ಕೇಳಿದ. ಇಲ್ಲ ಎಂದೆ. ಹೇಳಬೇಕಾಗಿದ್ದದ್ದು ನಾನಲ್ಲ... ಎಡಗೈ ವಿಷಯ ಆತ ಏನೂ ಹೇಳಲಿಲ್ಲ.