ಓಡಿಹೋದ ಕಾರಿಗೆ ಸುಶೀಲಕ್ಕನ ಸಾಕ್ಷಿ

ಸುಶೀಲಕ್ಕನ ಪ್ರಕಾರ ತೆಲುಗು ಕಲಿಯುವುದೆಂದರೆ ಕನ್ನಡದ ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸುವುದು, ಅಷ್ಟೆ. ನೌಕಾಪಡೆಯ ಗಂಡನ ಹಿಂದೆ ಧಾರವಾಡದಿಂದ ವಿಶಾಖಪಟ್ಟಣಕ್ಕೆ ಬಂದವರು. ಮಧುರವಾಡದಲ್ಲಿ ನಮ್ಮ ಎದುರು ಮನೆ. ಒಮ್ಮೆ ತರಕಾರಿಯವನಿಗೆ, ಚೀಲ ನಾಳೆ ಕೊಡುತ್ತೇನೆ ಎನ್ನಲು ‘ರೇಪು ಕೊಡತಾನು’ ಅಂದುಬಿಟ್ಟರು. ತೆಲುಗಿನಲ್ಲಿ ಅದಕ್ಕೆ ನಾಳೆ ಹೊಡೆಯುತ್ತೇನೆ ಎಂದರ್ಥ. ಪಾಪ, ಮರುದಿನ ಅವನು ನಮ್ಮ ಬೀದಿಗೇ ಬರಲಿಲ್ಲ. ಅಕ್ಕಪಕ್ಕದ ಭಾಷೆಗಳಲ್ಲಿ ಒಂದೇ ಮಾತು ಒಂದು ಕಡೆ ಕೊಡುವುದು, ಇನ್ನೊಂದು ಕಡೆ ಹೊಡೆಯುವುದು ಯಾಕಾಯಿತೋ, ನನಗೆ ಇವತ್ತಿಗೂ ಕುತೂಹಲ. ತಿದ್ದಲು ಹೋದರೆ, “ತಿಳೀತಲ್ಲ ತಮ್ಮಾ, ಮತ್ತೇನು?” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ರಸ್ತೆ ದಾಟುತ್ತಿದ್ದ ಅಪ್ಪನಿಗೆ ಕಾರೊಂದು ಗುದ್ದಿ, ನಿಲ್ಲದೆ ಹೋಯಿತು. ಕಂಡವರು ಹಾಲಿಗೆ ಹೊರಟಿದ್ದ ಸುಶೀಲಕ್ಕ ಮಾತ್ರ. ಮರೆಯಬಾರದೆಂದು ಕಾರಿನ ನಂಬರನ್ನು ಕೂಗಿಕೊಳ್ಳುತ್ತಲೇ ಅಪ್ಪನ ಬಳಿ ಓಡಿದರಂತೆ. ನಾವು ಪರಿಹಾರಕ್ಕೆ ಕೇಸು ಹಾಕಿದೆವು. ಕಾರು ತಗುಲಲೇ ಇಲ್ಲ, ಮುದುಕ ತಾನೇ ತಲೆ ತಿರುಗಿ ಬಿದ್ದ ಎಂದು ಕಾರಿನವರ ವಾದ. ಕಾಲು ಮುರಿದದ್ದಕ್ಕಿಂತ ಅಪ್ಪನಿಗೆ ಅದೇ ಹೆಚ್ಚು ನೋವಾಯಿತು. “ಹಾಗಾದರೆ ನಾನು ಸುಳ್ಳುಗಾರನೇನೋ?” ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರು.

ದುಭಾಷಿಯನ್ನು ಕೇಳೋಣ ಎಂದ ನಮ್ಮ ವಕೀಲರ ಮೇಲೆ ಸುಶೀಲಕ್ಕನಿಗೆ ಸಿಟ್ಟೇ ಬಂತು. ಇಷ್ಟು ವರ್ಷ ಈ ಊರ ನೀರು ಕುಡಿದು ನಾಲಿಗೆ ಬಾಡಿಗೆಗೆ ತರಬೇಕೇ ಎಂದರು. ಕಟಕಟೆ ಹತ್ತಿ ಗಟ್ಟಿಯಾಗಿ ‘ಕಾರು ಓಡಿಪೋಯಿಂದಿ’ ಎಂದರು. ಓಡಿಹೋಯಿತು ಎನ್ನುವುದರ ಬಾಲವೇನೋ ಬದಲಾಗಿತ್ತು. ಆದರೆ ತೆಲುಗಿನಲ್ಲಿ ಅದು ‘ಕಾರು ಸೋತುಹೋಯಿತು’ ಎಂದಾಗುತ್ತದೆ. ಯಾರ ಜೊತೆ ಪಂದ್ಯ ಕಟ್ಟಿತ್ತಮ್ಮಾ ಎಂದು ಎದುರು ವಕೀಲ ಕೇಳಿದ. ಕೋರ್ಟಿಗೆ ಕೋರ್ಟೇ ನಕ್ಕಿತು. ಅಪ್ಪ ತಲೆ ತಗ್ಗಿಸಿದರು. ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ಆ ವಕೀಲ ಅಷ್ಟಕ್ಕೇ ಬಿಡದೆ, ಇದೆಲ್ಲ ಎದುರು ಮನೆಯವರು ಹೇಳಿಕೊಟ್ಟ ಪಾಠ ಎಂದ.

ಸುಶೀಲಕ್ಕ ಜಡ್ಜ್ ಕಡೆ ತಿರುಗಿ ಕೈಮುಗಿದರು. ಅವರ ತೆಲುಗನ್ನು ಅವರ ಕನ್ನಡಕ್ಕೇ ಮರಳಿಸಿದರೆ ಹೀಗಾಗುತ್ತದೆ: “ಇವ್ರು ಹೇಳಿಕೊಟ್ಟಿದ್ರ, ತೆಲುಗು ಛಲೋತ್ನಂಗ ಹೇಳಿಕೊಡ್ತಿದ್ದಿಲ್ಲೇನ್ರಿ ಸಾಹೇಬ್ರ?”

ಮೊದಲು ನಕ್ಕವರು ಜಡ್ಜ್. ಆಮೇಲೆ ಸಮಾಧಾನವಾಗಿ ಒಂದೊಂದೇ ಕೇಳಿದರು. ಸುಶೀಲಕ್ಕ ಅಂಗೈಯನ್ನೇ ಕಾರು ಮಾಡಿ, ಅದು ಗುದ್ದಿದ್ದನ್ನೂ ಹೋದದ್ದನ್ನೂ ತೋರಿಸಿದರು. ತೀರ್ಪು ನಮ್ಮ ಕಡೆಗಾಯಿತು. ಕಾರು ಗುದ್ದಿದ್ದು ನಿಜ ಎಂಬ ಮಾತನ್ನು ಅಪ್ಪ ನನ್ನಿಂದ ಮತ್ತೆ ಮತ್ತೆ ಓದಿಸಿ ಕೇಳಿದರು. ಭಯ ಮಾತ್ರ ಉಳಿಯಿತು. ಒಬ್ಬರೇ ರಸ್ತೆ ದಾಟುವುದನ್ನು ಬಿಟ್ಟೇಬಿಟ್ಟರು.

ಗಂಡ ನಿವೃತ್ತರಾದ ಮೇಲೆ ಸುಶೀಲಕ್ಕ ವಿಜಯವಾಡದ ಭವಾನಿಪುರಂನಲ್ಲಿ ಮಗಳ ಮನೆ ಸೇರಿದರು. ಅವರಿಗೆ ಹುಷಾರಿಲ್ಲ ಎಂದು ಕೇಳಿ ಅಪ್ಪನನ್ನು ಕರೆದುಕೊಂಡು ಹೋದೆ. ಮೈ ಸೊರಗಿತ್ತು, ಬಾಯಿ ಸೊರಗಿರಲಿಲ್ಲ. ಅವರನ್ನು ನಾವು ಕಂಡದ್ದು ಅದೇ ಕೊನೆ.

ಹೊರಡುವಾಗ ನಾನು ಮುಂದಾಗಿ ರಸ್ತೆ ದಾಟಿ, ಆಚೆ ಬದಿಯಲ್ಲಿ ಆಟೋ ಹಿಡಿದು ನಿಂತಿದ್ದೆ. ಬೇಡವೆಂದರೂ ಕೇಳದೆ ಸುಶೀಲಕ್ಕ ಅಪ್ಪನ ಕೈ ಹಿಡಿದು, ಬರುವ ಗಾಡಿಗಳನ್ನೆಲ್ಲ ಬೈಯುತ್ತ ರಸ್ತೆಗಿಳಿದರು. ನಡುವೆ ಬರುವಷ್ಟರಲ್ಲಿ ಉಸಿರು ಸಾಲದೆ ನಿಂತುಬಿಟ್ಟರು. ಬಸ್ಸೊಂದು ಬರುತ್ತಿತ್ತು. ಅಪ್ಪ ಕೈ ಎತ್ತಿ ಅದನ್ನು ನಿಲ್ಲಿಸಿದರು. ಸುಶೀಲಕ್ಕನನ್ನು ಮೆಲ್ಲಗೆ ಹಿಂದಕ್ಕೆ ನಡೆಸಿಕೊಂಡು ಹೋಗಿ, ಮನೆ ಬಾಗಿಲಲ್ಲಿ ನಿಂತಿದ್ದ ಮಗಳ ಕೈಗೆ ಒಪ್ಪಿಸಿದರು. ಆಮೇಲೆ ಎರಡೂ ಕಡೆ ನೋಡಿ, ಒಬ್ಬರೇ ರಸ್ತೆ ದಾಟಿ ನನ್ನ ಬಳಿ ಬಂದರು.